ರಾತ್ರಿಯನ್ನು ಪಾಲು ಮಾಡಿಕೊಳ್ಳಿ

ನಮಸ್ಕಾರ. ಮಗಳಿಗೆ 18 ದಿನ ಆಗಿದ್ದಾಗ, ಹಾಲು ಕುಡಿಸುತ್ತಾ ಸೋಫಾ ಮೇಲೆ ಕೂತಲ್ಲೇ ನನಗೆ ನಿದ್ದೆ ಹತ್ತಿಬಿಟ್ಟಿತು. ಎಚ್ಚರವಾದಾಗ ಅವಳು ತೋಳಿನಿಂದ ಜಾರಿ ನನ್ನ ಸೊಂಟಕ್ಕೂ ದಿಂಬಿಗೂ ನಡುವೆ ಇದ್ದಳು. ಏನೂ ಆಗಲಿಲ್ಲ. ಆದರೆ ಕೈ ನಡುಗೋದು ನಿಲ್ಲಲು ತುಂಬಾ ಹೊತ್ತು ಬೇಕಾಯಿತು. ಸೋಫಾದಲ್ಲಿ ಮಗುವಿನ ಜೊತೆ ನಿದ್ದೆ ಹೋಗೋದು ತುಂಬಾ ಅಪಾಯ, ಉಸಿರು ಕಟ್ಟಬಹುದು. ತೂಕಡಿಕೆ ಬಂದರೆ ಮೊದಲು ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ಮಗು ಮಲಗಿದಾಗ ನೀನೂ ಮಲಗು ಅಂತ ಎಲ್ಲರೂ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ನಿಜ. ಆದರೆ ಎಲ್ಲಾ ತುಂಡು ತುಂಡು ನಿದ್ದೆ. ಪುಟ್ಟ ಹೊಟ್ಟೆ, 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಬೇಕು. ಹಗಲು ರಾತ್ರಿಯ ವ್ಯತ್ಯಾಸ ಅದರ ಮೈಗೆ ತಿಳಿಯೋಕೆ ಎರಡು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮಗುವಿನ ನಿದ್ದೆ ತಿದ್ದೋಕೆ ಹೋಗಬೇಡಿ, ನಿಮ್ಮದನ್ನು ನೋಡಿಕೊಳ್ಳಿ.

ಮೊದಲು ನಾವಿಬ್ಬರೂ ಪ್ರತಿ ಅಳುವಿಗೂ ಏಳುತ್ತಿದ್ದೆವು, ಒಬ್ಬರೇ ಮಲಗಿದರೆ ತಪ್ಪು ಅನ್ನಿಸುತ್ತಿತ್ತು. ಆ ಸೋಫಾದ ರಾತ್ರಿ ಆದಮೇಲೆ ಪಾಳಿ ಮಾಡಿಕೊಂಡೆವು. ನಾನು 9 ಗಂಟೆಗೆ ಹಾಲು ಕೊಟ್ಟು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ, ನಡುವಿನ ಒಂದು ಸಲಕ್ಕೆ ಹಿಂಡಿಟ್ಟ ಹಾಲನ್ನು ಇವರು ಕುಡಿಸುತ್ತಿದ್ದರು, 2 ಗಂಟೆಯಿಂದ ನನ್ನ ಪಾಳಿ. ಆ ಒಂದೇ ಪಟ್ಟಿನ ನಾಲ್ಕೈದು ಗಂಟೆಯ ನಿದ್ದೆಯಿಂದ ತಲೆ ಎಷ್ಟು ತಿಳಿಯಾಗುತ್ತಿತ್ತು ಗೊತ್ತಾ? ಹಿಂಡಿಡೋಕೆ ಆಗದಿದ್ದರೂ ಪರವಾಗಿಲ್ಲ. ತೇಗಿಸೋದು, ಬಟ್ಟೆ ಬದಲಿಸೋದು, ಮತ್ತೆ ಮಲಗಿಸೋದು ಇನ್ನೊಬ್ಬರು ಮಾಡಿದರೆ ತಾಯಿ ಹಾಲು ಕೊಟ್ಟ ತಕ್ಷಣ ಮಲಗಬಹುದು. ಒಬ್ಬರೇ ಇದ್ದರೆ, ಮಗು ನೋಡೋಕೆ ಬಂದವರನ್ನು ಸಂಕೋಚ ಬಿಟ್ಟು ಕೇಳಿ, ಎರಡು ಗಂಟೆ ಎತ್ತಿಕೊಂಡಿರ್ತೀರಾ ಅಂತ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಈ ಕೂಸುಗಳು ನಿದ್ದೆಯಲ್ಲೇ ಮುಲುಗುತ್ತವೆ, ಮುಖ ಕಿವುಚುತ್ತವೆ, ಕಣ್ಣೂ ತೆರೆಯುತ್ತವೆ. ಅವುಗಳ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೇ. ನಾನು ಪ್ರತಿ ಸದ್ದಿಗೂ ಎತ್ತಿಕೊಂಡು, ಮಲಗಿದ್ದ ಮಗುವನ್ನು ನಾನೇ ಎಬ್ಬಿಸುತ್ತಿದ್ದೆ. ಒಂದು ನಿಮಿಷ ಸುಮ್ನೆ ನೋಡಿ, ಎಷ್ಟೋ ಸಲ ಮತ್ತೆ ಮಲಗಿಬಿಡುತ್ತದೆ. ಎದ್ದೇ ಬಿಟ್ಟರೆ ಮಂದ ಬೆಳಕು ಸಾಕು, ಮಾತು ಬೇಡ.

ಮಗು ಮಲಗಿದೆ, ಮನೆ ನಿಶ್ಶಬ್ದ, ಮೈ ಸೋತಿದೆ, ಆದರೂ ನಿದ್ದೆ ಬರುತ್ತಿಲ್ಲ, ಮನಸ್ಸಿಗೆ ಏನೋ ಭಾರ, ಎರಡು ವಾರದಿಂದ ಹೀಗೇ ಅಂದರೆ, ಅದು ಬರೀ ಸುಸ್ತು ಅಲ್ಲದಿರಬಹುದು. ಹೆರಿಗೆಯ ನಂತರದ ಖಿನ್ನತೆ ಎಷ್ಟೋ ಸಲ ಹೀಗೇ ಶುರುವಾಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ನಾಳೆಯೇ ಡಾಕ್ಟರ ಹತ್ತಿರ ಹೇಳಿ.