ಅವನಿಗೆ ಬೇಕಾಗಿದ್ದು ಒಂದು ಜೊತೆ ಬೂಟು

ಎಲ್ಲರಿಗೂ ನಮಸ್ಕಾರ. ವಿಜಯಪುರದ ಬಿಸಿಲು ಇನ್ನೂ ಇಳಿದಿಲ್ಲ, ಆದ್ರೂ ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ಮುಂದಿನ ಎರಡು ಸಾಲಿನಲ್ಲಿ ಕೂತಿರುವವರು ನಮ್ಮ ಸೈಕ್ಲಿಂಗ್ ಮಕ್ಕಳು. ನಸುಕಿನಲ್ಲಿ ಎದ್ದು ಸೈಕಲ್ ಹೊಡೆದು, ಆಮೇಲೆ ಶಾಲೆಗೆ ಹೋಗಿ, ಈಗ ಇಲ್ಲಿ ಬಂದಿದ್ದಾರೆ. ಯಾರಿಗಾದರೂ ನಿದ್ದೆ ಹತ್ತಿದರೆ ಮಲಗಲಿ, ಎಬ್ಬಿಸಬೇಡಿ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರ್ ಆಗಿದ್ದವನು. ಆಟ ಕಲಿಸುವುದು ಕೆಲಸ, ಸಿನಿಮಾ ನೋಡುವುದು ಹುಚ್ಚು. ಹಾಗಾಗಿ ಇವತ್ತಿನ ವಿಷಯ ನನಗೆ ತುಂಬಾ ಹತ್ತಿರದ್ದು. ಸಿನಿಮಾದಲ್ಲಿ, ಟಿವಿಯಲ್ಲಿ ಬಂದು ನಮ್ಮ ಮನಸ್ಸಲ್ಲಿ ಕೂತುಬಿಟ್ಟ ಆಟಗಾರರು. 'ದಂಗಲ್' ತರಹ ಬದುಕಿದ್ದವರ ಕಥೆ ಇಟ್ಟುಕೊಂಡು ಮಾಡಿದ ಚಿತ್ರಗಳನ್ನು ಇವತ್ತು ಬದಿಗಿಡುತ್ತೇನೆ. ನಾನು ಹೇಳುವುದು ಎಲ್ಲೂ ಹುಟ್ಟದವರ ಬಗ್ಗೆ. ಯಾವ ದಾಖಲೆ ಪುಸ್ತಕದಲ್ಲೂ ಅವರ ಹೆಸರಿಲ್ಲ. ಆದರೂ ನಮಗೆ ನಿಜವಾದ ಚಾಂಪಿಯನ್ನರಿಗಿಂತ ಜಾಸ್ತಿ ನೆನಪಿರುತ್ತಾರೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಬ್ಬ ಬಾಕ್ಸರ್‌ನ ಕಂಚಿನ ಪ್ರತಿಮೆ ಇದೆ. ರಾಕಿ ಬಾಲ್ಬೋವಾ. ಬದುಕೇ ಇರದಿದ್ದ ಮನುಷ್ಯ. 1982ರಲ್ಲಿ ಬಂದ ಮೂರನೇ 'ರಾಕಿ' ಚಿತ್ರಕ್ಕಾಗಿ ಮಾಡಿಸಿದ ಪ್ರತಿಮೆ ಅದು, ಈಗಲೂ ಜನ ಹೋಗಿ ಪಕ್ಕದಲ್ಲಿ ಕೈ ಎತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ 1976ರ ಮೊದಲ ಚಿತ್ರದಲ್ಲಿ ರಾಕಿ ಸೋತವನು. ಇದನ್ನು ಎಷ್ಟೋ ಜನ ಮರೆತಿದ್ದಾರೆ. ಸಾಲ ವಸೂಲಿ ಮಾಡಿ ಹೊಟ್ಟೆ ಹೊರೆಯುವ ಹುಡುಗ, ಮನೆಯಲ್ಲಿ ಎರಡು ಪುಟ್ಟ ಆಮೆ ಸಾಕಿರುತ್ತಾನೆ, ವಿಶ್ವ ಚಾಂಪಿಯನ್ ಎದುರು ಆಡುವ ಅವಕಾಶ ಆಕಸ್ಮಿಕವಾಗಿ ಸಿಗುತ್ತದೆ. ಪಂದ್ಯದ ಹಿಂದಿನ ರಾತ್ರಿ ಮನೆಗೆ ಬಂದು, ನನ್ನಿಂದ ಅವನನ್ನು ಸೋಲಿಸೋಕೆ ಆಗಲ್ಲ ಅಂತ ತನ್ನ ಪ್ರೇಯಸಿ ಏಡ್ರಿಯನ್‌ಗೆ ಹೇಳುತ್ತಾನೆ. ಹದಿನೈದನೇ ಸುತ್ತಿನ ಗಂಟೆ ಹೊಡೆಯುವಾಗ ಕಾಲ ಮೇಲೆ ನಿಂತಿದ್ದರೆ ಸಾಕು, ಅಷ್ಟೇ ಅವನ ಆಸೆ. ನಿಲ್ಲುತ್ತಾನೆ. ತೀರ್ಪು ಓದುವಾಗ ಅವನ ಕಿವಿ ಅತ್ತ ಇಲ್ಲವೇ ಇಲ್ಲ. ಕಣ್ಣು ಬಾತು ಮುಚ್ಚಿಹೋಗಿದೆ, ಅವಳ ಹೆಸರು ಹಿಡಿದು ಕೂಗುತ್ತಾನೆ, ಜನರನ್ನು ನೂಕಿಕೊಂಡು ಅವಳು ಬಂದಾಗ ಕೇಳುವ ಮಾತು: ನಿನ್ನ ಟೋಪಿ ಎಲ್ಲಿ?

ಈ ಚಿತ್ರ ನೋಡಿದ ದಿನದಿಂದ ನನಗೊಂದು ಅಭ್ಯಾಸ ಬಂತು. ಯಾವುದೇ ಆಟದ ಸಿನಿಮಾ ನೋಡಿದರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವನಿಗೆ ಏನು ಬೇಕಿತ್ತು? ಕಪ್ ಎಲ್ಲರಿಗೂ ಬೇಕು, ಅದನ್ನು ಬಿಡಿ. ಅದರ ಹಿಂದೆ ಇನ್ನೊಂದು ಸಣ್ಣ ಬೇಡಿಕೆ ಇದೆಯಾ? ಇದ್ದರೆ ಆ ಆಟಗಾರ ಮರೆಯುವುದಿಲ್ಲ. ಇಲ್ಲದಿದ್ದರೆ ಎಷ್ಟು ಸಿಕ್ಸರ್ ಹೊಡೆದರೂ ಥಿಯೇಟರ್ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತಾನೆ.

ತೆಲುಗಿನ 'ಜೆರ್ಸಿ' ನೋಡಿ, 2019ರದ್ದು. ಅರ್ಜುನ್‌ಗೆ ವಯಸ್ಸು 36, ಕೆಲಸ ಹೋಗಿದೆ, ಹೆಂಡತಿಯ ದುಡಿಮೆಯಲ್ಲಿ ಮನೆ ನಡೆಯುತ್ತಿದೆ. ಮಗ ಹುಟ್ಟುಹಬ್ಬಕ್ಕೆ ಭಾರತ ತಂಡದ ಜೆರ್ಸಿ ಕೇಳುತ್ತಾನೆ. ಐನೂರು ರೂಪಾಯಿ. ಅದು ಹೊಂದಿಸೋಕೆ ಆಗಲ್ಲ. ಇಡೀ ಸಿನಿಮಾ ನಿಂತಿರುವುದು ಆ ಐನೂರು ರೂಪಾಯಿ ಮೇಲೆ. ರಣಜಿ ತಂಡಕ್ಕೆ ಆಯ್ಕೆ ಆದಾಗ ಅವನು ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ರೈಲ್ವೆ ಸ್ಟೇಷನ್‌ಗೆ ಹೋಗಿ ನಿಲ್ಲುತ್ತಾನೆ. ರೈಲು ಬರುತ್ತದೆ, ಆ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ಗಂಟಲು ಹರಿಯುವಂತೆ ಕೂಗುತ್ತಾನೆ, ರೈಲು ಹೋದ ಮೇಲೆ ಸುಮ್ನಾಗುತ್ತಾನೆ. ಮನೆ ಸಂಕಟದಲ್ಲಿರುವಾಗ ಖುಷಿ ಪಡೋಕೂ ಸಂಕೋಚ ಆಗುತ್ತದೆ, ಅಲ್ವಾ? ನಾನು ನೋಡಿದ ಕ್ರಿಕೆಟ್ ಸಿನಿಮಾಗಳಲ್ಲಿ ಅದಕ್ಕಿಂತ ಒಳ್ಳೆಯ ದೃಶ್ಯ ಇನ್ನೊಂದಿಲ್ಲ, ಅದರಲ್ಲಿ ಬ್ಯಾಟೂ ಇಲ್ಲ, ಚೆಂಡೂ ಇಲ್ಲ.

'ಲಗಾನ್' ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನೀವೆಲ್ಲ ನೋಡಿದ್ದೀರಿ. ಸೋತರೆ ಮೂರು ಪಟ್ಟು ಕಂದಾಯ, ಗೆದ್ದರೆ ಮೂರು ವರ್ಷ ಕಂದಾಯವೇ ಇಲ್ಲ. ಮಳೆ ನಂಬಿ ಬದುಕುವ ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾ? ಆದರೆ ಆ ತಂಡದಲ್ಲಿ ನನಗೆ ಇಷ್ಟ ಭುವನ್‌ಗಿಂತ ಕಚ್ರಾ. ದೂರ ನಿಂತಿದ್ದ ಅಸ್ಪೃಶ್ಯ ಹುಡುಗ, ಒಂದು ಕೈ ಊನ, ಹತ್ತಿರ ಬಂದ ಚೆಂಡನ್ನು ಎಸೆಯುತ್ತಾನೆ, ಅದು ತಿರುಗಿಬಿಡುತ್ತದೆ. ಅವನು ತನಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳುವುದೇ ಇಲ್ಲ. ಕೇಳಿ ಅಭ್ಯಾಸವೇ ಇಲ್ಲ ಅವನಿಗೆ. 'ಚಕ್ ದೇ ಇಂಡಿಯಾ'ದಲ್ಲಿ ಮಾತ್ರ ಬಾಯಿಬಿಟ್ಟು ಕೇಳುತ್ತಾರೆ. ಈಶಾನ್ಯದಿಂದ ಬಂದ ಹಾಕಿ ಆಟಗಾರ್ತಿಯರಾದ ಮೋಲಿ ಮತ್ತು ಮೇರಿಗೆ ಅಲ್ಲಿನ ಅಧಿಕಾರಿ, ನೀವು ನಮ್ಮ ಅತಿಥಿಗಳು ಅನ್ನುತ್ತಾನೆ. ನಮ್ಮದೇ ದೇಶದಲ್ಲಿ ನಾವು ಅತಿಥಿಗಳಾ ಅಂತ ಅವರ ಪ್ರಶ್ನೆ. ಒಂದೇ ನಿಮಿಷದ ದೃಶ್ಯ. ಫೈನಲ್ ಸ್ಕೋರ್ ನನಗೆ ಮರೆತಿದೆ, ಆ ಪ್ರಶ್ನೆ ಮರೆತಿಲ್ಲ.

ಟಿವಿಯಲ್ಲಿ ನನ್ನ ಮೊದಲ ಆಟಗಾರ ಸ್ವಾಮಿ. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಮಾಡಿದ 'ಮಾಲ್ಗುಡಿ ಡೇಸ್', ಓಣಿಗೆ ಒಂದೋ ಎರಡೋ ಟಿವಿ ಇದ್ದ ಕಾಲ. ಸ್ವಾಮಿ ಮತ್ತು ರಾಜಂ ಸೇರಿ ಕ್ರಿಕೆಟ್ ತಂಡ ಕಟ್ಟುತ್ತಾರೆ. ಮುಖ್ಯ ಪಂದ್ಯದ ಹೊತ್ತಿಗೆ ಸ್ವಾಮಿ ಶಾಲೆ ಬಿಟ್ಟು ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪಿರುತ್ತಾನೆ. ಪಂದ್ಯ ಅವನಿಲ್ಲದೆ ಮುಗಿದುಹೋಗುತ್ತದೆ. ಒಂದು ಬಾಲೂ ಹಾಕದ ಬೌಲರ್! ಆದರೆ ಆ ವಯಸ್ಸಿನಲ್ಲಿ ನಮಗೆಲ್ಲ ಬೇಕಾಗಿದ್ದು ಅವನಿಗೆ ಬೇಕಾಗಿದ್ದೇ. ಗೆಳೆಯ ಮಾತು ಬಿಡಬಾರದು, ಅಷ್ಟೇ.

ಜಪಾನಿನ ಕಾರ್ಟೂನ್ ಹುಡುಗ ತ್ಸುಬಾಸಾ ಹೆಸರು ಮಕ್ಕಳಿಗೆ ಗೊತ್ತಿರಬಹುದು. 1981ರಲ್ಲಿ ಕಾಮಿಕ್ಸ್ ಆಗಿ ಶುರುವಾಗಿ, 1983ರಲ್ಲಿ ಟಿವಿಗೆ ಬಂದ. ಆಗ ಜಪಾನಿನಲ್ಲಿ ಫುಟ್‌ಬಾಲ್‌ಗೆ ವೃತ್ತಿಪರ ಲೀಗ್ ಕೂಡ ಇರಲಿಲ್ಲ, ಅದು ಶುರುವಾಗಿದ್ದು 1993ರಲ್ಲಿ. ವಿಶ್ವಕಪ್‌ಗೆ ಆ ದೇಶ ಮೊದಲ ಸಲ ಹೋಗಿದ್ದು 1998ರಲ್ಲಿ. ಅಂದ್ರೆ ಕಾರ್ಟೂನಿನ ಹುಡುಗ ಮೊದಲು ಆಡಿದ, ದೇಶ ಆಮೇಲೆ ಆಡಿತು. ಸ್ಪೇನಿನ ಫುಟ್‌ಬಾಲ್ ಆಟಗಾರ ಫರ್ನಾಂಡೊ ಟೊರೆಸ್ ಕೂಡ ಚಿಕ್ಕಂದಿನಲ್ಲಿ ಅವನನ್ನು ನೋಡಿಯೇ ಆಟದ ಹುಚ್ಚು ಹಿಡಿಯಿತು ಅಂತ ಹೇಳಿದ್ದಾರೆ. ಇಲ್ಲದ ಮನುಷ್ಯ ಇದ್ದವರ ಕೈಯಲ್ಲಿ ಇಷ್ಟೆಲ್ಲ ಮಾಡಿಸಬಲ್ಲ.

ಈಗ ಸೈಕಲ್‌ಗೆ ಬರುತ್ತೇನೆ. ಮುಂದಿನ ಸಾಲು ಎಚ್ಚರ ಆಯ್ತು ನೋಡಿ.

ಸೈಕಲ್ ಸಿನಿಮಾ ಅಂದ್ರೆ ನಮ್ಮವರಿಗೆ 1992ರ 'ಜೋ ಜೀತಾ ವಹೀ ಸಿಕಂದರ್'. ಒಳ್ಳೆಯದೇ. ನನಗೆ ಅದರಲ್ಲಿ ನೆನಪಿರುವುದು ತಮ್ಮ ಸಂಜುಗಿಂತ ಅಣ್ಣ ರತನ್, ದಿನಾ ಪ್ರಾಕ್ಟೀಸ್ ಮಾಡಿದವನು, ಆಮೇಲೆ ಆಸ್ಪತ್ರೆ ಸೇರಿದವನು. ಆದರೆ ನಾನು ನಿಮಗೆ ತೋರಿಸಬೇಕು ಅಂತ ವರ್ಷಗಳಿಂದ ಕಾಯುತ್ತಿರುವ ಚಿತ್ರ ಬೇರೆ ಇದೆ. 1979ರ 'ಬ್ರೇಕಿಂಗ್ ಅವೇ'. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಅನ್ನುವ ಊರು. ಸುತ್ತ ಸುಣ್ಣಕಲ್ಲಿನ ಗಣಿ. ಡೇವ್ ಅನ್ನುವ ಹುಡುಗ, ಇಟಲಿಯ ಸೈಕ್ಲಿಸ್ಟ್‌ಗಳ ಹುಚ್ಚು ಹಿಡಿದವನು. ಮನೆಯಲ್ಲೂ ಇಟಾಲಿಯನ್ ಮಾತಾಡುತ್ತಾನೆ, ಅಪ್ಪನಿಗೆ ತಲೆ ಕೆಡುತ್ತದೆ.

ಅದರಲ್ಲಿ ಒಂದು ದೃಶ್ಯ ಇದೆ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಹೋಗುತ್ತಿದೆ, ಡೇವ್ ಅದರ ಬೆನ್ನಿಗೆ ಬೀಳುತ್ತಾನೆ. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, ಬೆರಳು ಎತ್ತಿ ಎತ್ತಿ ವೇಗ ಹೇಳುತ್ತಾನೆ. ಹುಡುಗ ಇನ್ನೂ ತುಳಿಯುತ್ತಾನೆ, ಮುಖದಲ್ಲಿ ನಗು. ಈ ಮಕ್ಕಳಿಗೆ ಅದು ಏನು ಅಂತ ಗೊತ್ತು. ವೇಗ ಎರಡು ಪಟ್ಟಾದರೆ ಎದುರುಗಾಳಿಯ ಒತ್ತು ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಮುಂದಿನವನ ಮರೆಯಲ್ಲಿ ಹೋದರೆ ಕಾಲು ಅರ್ಧ ಉಳಿದ ಹಾಗೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಹುಡುಗರು ಏನು ಮಾಡುತ್ತಿದ್ದರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಮೇಲಿಂದ ರವದಿ ಹಾರಿ ಮುಖಕ್ಕೆ ಬಡಿಯುತ್ತಿದೆ, ಒಬ್ಬ ಹುಡುಗ ಕಣ್ಣು ಕಿರಿದು ಮಾಡಿಕೊಂಡು, ಟ್ರೇಲರ್‌ನ ಹಿಂದಿನ ಹಲಗೆಗೂ ತನ್ನ ಮುಂದಿನ ಗಾಲಿಗೂ ಎರಡು ಗೇಣು ಜಾಗ ಬಿಟ್ಟುಕೊಂಡು ಹೋಗುತ್ತಿದ್ದಾನೆ, ಟ್ರ್ಯಾಕ್ಟರ್ ಬ್ರೇಕ್ ಹಾಕಿದರೆ ಮುಗಿಯಿತು. ಮಕ್ಕಳೇ, ಅದನ್ನು ಮಾಡಬೇಡಿ. ನಿಮ್ಮ ಕೋಚ್ ಮುಂದೆಯೂ ಹೇಳುತ್ತೇನೆ, ಮಾಡಬೇಡಿ. ಆದರೆ ಆ ಹುಡುಗನ ಮುಖದಲ್ಲೂ ಡೇವ್‌ನ ಅದೇ ನಗು ಇತ್ತು.

ಆಮೇಲೆ ಇಟಲಿಯವರು ನಿಜವಾಗಿಯೂ ಆ ಊರಿಗೆ ರೇಸ್‌ಗೆ ಬರುತ್ತಾರೆ. ಡೇವ್ ಅವರ ಸಮಕ್ಕೆ ಬಂದುಬಿಡುತ್ತಾನೆ, ಅವರದೇ ಭಾಷೆಯಲ್ಲಿ ಮಾತಾಡಿಸುತ್ತಾನೆ. ಅವರಲ್ಲೊಬ್ಬ ಗಾಳಿ ಹಾಕುವ ಪಂಪನ್ನು ಇವನ ಗಾಲಿಗೆ ತೂರಿಸಿ ಕೆಡವುತ್ತಾನೆ. ಮನೆಗೆ ಬಂದು ಅಪ್ಪನನ್ನು ತಬ್ಬಿಕೊಂಡು ಅಳುತ್ತಾನೆ. ಅಪ್ಪ ಮೊದಲು ಕಲ್ಲು ಕಡಿಯುತ್ತಿದ್ದವನು, ಈಗ ಹಳೇ ಕಾರು ಮಾರುತ್ತಾನೆ. ಒಂದು ರಾತ್ರಿ ಅಪ್ಪ, ಮಗ ಯೂನಿವರ್ಸಿಟಿ ಒಳಗೆ ನಡೆದು ಹೋಗುವಾಗ ಅಪ್ಪ ಹೇಳುತ್ತಾನೆ: ಈ ಕಟ್ಟಡದ ಕಲ್ಲು ಕಡಿದಿದ್ದು ನಾನೇ, ಕೆಲಸದ ಬಗ್ಗೆ ಹೆಮ್ಮೆ ಇತ್ತು, ಆದರೆ ಕಟ್ಟಡ ಎದ್ದು ನಿಂತ ಮೇಲೆ ಇದು ನಮ್ಮಂಥವರಿಗಲ್ಲ ಅನ್ನಿಸಿಬಿಟ್ಟಿತು. ಇಳಕಲ್ ಗ್ರಾನೈಟ್ ಗಣಿಯಲ್ಲಿ ದುಡಿದವರ ಮಕ್ಕಳು ಇಲ್ಲಿ ಯಾರಾದರೂ ಇದ್ದರೆ, ಆ ಮಾತನ್ನು ಮನೆಯಲ್ಲಿ ಹೇಳಿ ನೋಡಿ. ಅಪ್ಪ ಏನು ಹೇಳುತ್ತಾರೆ ಕೇಳಿ. ಕೊನೆಯ ರೇಸ್‌ನಲ್ಲಿ ಗಣಿ ಕಾರ್ಮಿಕರ ಮಕ್ಕಳು ನಾಲ್ವರು ಒಂದೇ ಸೈಕಲ್ ಹಿಡಿದು ಕಾಲೇಜು ಹುಡುಗರ ಎದುರು ಇಳಿಯುತ್ತಾರೆ, ಡೇವ್ ಪೆಟ್ಟಾದ ಕಾಲನ್ನು ಪೆಡಲ್‌ಗೆ ಟೇಪ್ ಸುತ್ತಿಸಿಕೊಂಡು ತುಳಿಯುತ್ತಾನೆ. ಆ ರೇಸ್ ಕಥೆಯದ್ದಲ್ಲ, 1951ರಿಂದ ಅಲ್ಲಿ ನಡೆದುಬಂದ ರೇಸ್.

ಒಂದು ದೂರು ಹೇಳಲೇಬೇಕು. ಪ್ರಾಕ್ಟೀಸ್ ಅನ್ನುವುದನ್ನು ಬಹಳಷ್ಟು ಸಿನಿಮಾಗಳು ಒಂದು ಹಾಡಿನಲ್ಲಿ ಮುಗಿಸಿಬಿಡುತ್ತವೆ. ಮೊದಲ ಚರಣದಲ್ಲಿ ಬೀಳುತ್ತಾನೆ, ಎರಡನೇ ಚರಣದಲ್ಲಿ ಹಾರುತ್ತಾನೆ. ಹಾಗಲ್ಲ ಅದು. ನಿನ್ನೆ ಮಾಡಿದ್ದನ್ನೇ ಇವತ್ತು ಮಾಡುವುದು, ನಾಳೆಯೂ ಅದನ್ನೇ. ಆ ಬೇಸರವನ್ನು ತೋರಿಸುವ ಧೈರ್ಯ ಕಡಿಮೆ ಜನಕ್ಕಿದೆ. ಮೈ ಮಾತ್ರ ಸುಳ್ಳು ಹೇಳಲ್ಲ. ಬೆಳಗಾವಿ ಕಡೆ ಗರಡಿಯಲ್ಲಿ ಬೆಳೆದವರು ಪೈಲ್ವಾನನ ತೋಳು ನೋಡುವುದಿಲ್ಲ, ಕಿವಿ ನೋಡುತ್ತಾರೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಕಿವಿ ಮುದ್ದೆಯಾಗಿರಬೇಕು. ತೆರೆ ಮೇಲೆ ಪೈಲ್ವಾನ್ ಬಂದಾಗ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, 'ಮೈ ಛಲೋ ಐತಿ, ಕಿವಿ ಹೊಸಾದು' ಅಂದಿದ್ದರು. 2016ರ ತಮಿಳಿನ 'ಇರುದಿ ಸುಟ್ರು' ನೋಡುವಾಗ ಹಾಗೆ ಅನ್ನಿಸಲಿಲ್ಲ. ಮೀನು ಮಾರುವ ಹುಡುಗಿ ಮದಿ ಬಾಕ್ಸರ್ ಆಗುವ ಕಥೆ. ಆ ಪಾತ್ರ ಮಾಡಿದ ರಿತಿಕಾ ಸಿಂಗ್ ನಿಜವಾಗಿಯೂ ಕಿಕ್‌ಬಾಕ್ಸಿಂಗ್ ಮಾಡಿ ಬಂದವರು. ಮುಷ್ಟಿ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತದೆ.

ನಮ್ಮ ವಿಜಯಪುರ, ಬಾಗಲಕೋಟೆ, ಚಂದರಗಿಯ ಕ್ರೀಡಾ ಶಾಲೆ, ಇಲ್ಲಿಂದ ಎಷ್ಟು ಸೈಕ್ಲಿಸ್ಟ್‌ಗಳು ಹೋದರು! ರಾಷ್ಟ್ರಮಟ್ಟದಲ್ಲಿ ಪದಕ ತಂದರು, ಅದೇ ಬಲದ ಮೇಲೆ ಸರ್ಕಾರಿ ಕೆಲಸ ಹಿಡಿದು ಮನೆ ಎತ್ತಿ ನಿಲ್ಲಿಸಿದರು. ಆದರೆ ಇಡೀ ಕನ್ನಡ ನಾಡಿನ ಊರೂರಲ್ಲಿ ಹೆಸರು ಹಿಡಿದು ಕರೆಯುವಂಥ ಒಬ್ಬ ಸೈಕ್ಲಿಸ್ಟ್ ನಮ್ಮ ತೆರೆ ಮೇಲೆ ಇನ್ನೂ ಹುಟ್ಟಿಲ್ಲ. ನನಗೆ ಇದು ನಿಜಕ್ಕೂ ನೋವು. ಇಲ್ಲಿ ಕಥೆ ಬರೆಯುವವರು ಇದ್ದರೆ ದಯವಿಟ್ಟು ಬರೆಯಿರಿ. ಕಪ್‌ನಿಂದ ಶುರು ಮಾಡಬೇಡಿ. ಹುಡುಗಿಗೆ ಏನು ಬೇಕು ಅಂತ ಮೊದಲು ಕೇಳಿ.

ನನ್ನ ಹತ್ತಿರ ಕಲಿತ ಒಬ್ಬಳಿದ್ದಳು, ಹೆಸರು ಬೇಡ. ಪೆಡಲ್‌ಗೆ ಕಚ್ಚಿಕೊಳ್ಳುವ ಶೂ ಅವಳ ಹತ್ತಿರ ಇರಲಿಲ್ಲ. ಸೀನಿಯರ್ ಹುಡುಗಿಯದ್ದು ಇಸಕೊಂಡಿದ್ದಳು, ಎರಡು ನಂಬರ್ ದೊಡ್ಡದು. ಬೆರಳ ತುದಿಗೆ ಅವ್ವನ ಹಳೇ ಇಳಕಲ್ ಸೀರೆಯ ಸೆರಗಿನ ಚೂರು ತುರುಕಿ ಹಾಕಿಕೊಳ್ಳುತ್ತಿದ್ದಳು. ರೇಸ್ ಮುಗಿಸಿ ಎರಡನೇ ಸ್ಥಾನ ಬಂದು, ಉಸಿರು ಸುಧಾರಿಸಿಕೊಳ್ಳುವ ಮೊದಲೇ ಕೂತು ಶೂ ಬಿಚ್ಚಿ, ಒಳಗಿನ ಬಟ್ಟೆ ತೆಗೆದು, ಮಣ್ಣು ಒರೆಸಿ ವಾಪಸ್ ಕೊಟ್ಟಳು. ಪದಕ ಹಾಕಿಸಿಕೊಂಡಿದ್ದು ಬರಿಗಾಲಲ್ಲಿ.

ಅವತ್ತೇ ನಿರ್ಧಾರ ಮಾಡಿ ಶಾಲೆಯಲ್ಲಿ ಒಂದು ಇರಾನಿ ಚಿತ್ರ ತೋರಿಸಿದೆ. ಇವತ್ತು ಇಲ್ಲಿ ಹಾಕುವುದೂ ಅದನ್ನೇ. ಮಜೀದ್ ಮಜೀದಿ ಅವರ 'ಚಿಲ್ಡ್ರನ್ ಆಫ್ ಹೆವನ್', 1997. ಅಲಿ ಅನ್ನುವ ಹುಡುಗ ತಂಗಿ ಝಹ್ರಾಳ ಶೂ ಕಳೆದುಬಿಡುತ್ತಾನೆ. ಅಪ್ಪನ ಹತ್ತಿರ ದುಡ್ಡಿಲ್ಲ, ಹೇಳುವ ಹಾಗಿಲ್ಲ. ಇರುವ ಒಂದೇ ಜೊತೆಯನ್ನು ಬೆಳಿಗ್ಗೆ ಅವಳು, ಮಧ್ಯಾಹ್ನ ಇವನು ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಓಣಿಯಲ್ಲಿ ಬದಲಾಯಿಸಿಕೊಂಡು ದಿನಾ ಓಡುತ್ತಾರೆ. ಹುಡುಗನಿಗೆ ಬೇರೆ ಕೋಚ್ ಬೇಕಾಗಲೇ ಇಲ್ಲ. ಆಮೇಲೆ ಓಟದ ಸ್ಪರ್ಧೆ ಬರುತ್ತದೆ, ಮೂರನೇ ಬಹುಮಾನ ಒಂದು ಜೊತೆ ಬೂಟು. ಹೆಸರು ಕೊಡುವ ದಿನ ಮುಗಿದಿರುತ್ತದೆ. ಅಲಿ ಪಿ.ಟಿ. ಮಾಸ್ತರ್ ಮುಂದೆ ನಿಂತು ಅಳುತ್ತಾನೆ, ಅವರು ಸರಿ ಓಡಿ ತೋರಿಸು ಅಂತ ಸ್ಟಾಪ್‌ವಾಚ್ ಹಿಡಿಯುತ್ತಾರೆ. ಓಟ ಮುಗಿದ ಮೇಲೆ ಆ ಮಾಸ್ತರ್ ವಾಚ್ ನೋಡುವ ಮುಖ ಇದೆಯಲ್ಲ, ಆ ಮುಖಕ್ಕೋಸ್ಕರ ನಾನು ಮೂವತ್ತು ವರ್ಷ ಮೈದಾನದಲ್ಲಿ ನಿಂತಿದ್ದೆ.

ಅವನು ಬಿದ್ದು ಎದ್ದು ಓಡಿ ಮೊದಲನೆಯವನಾಗಿ ಬಂದುಬಿಡುತ್ತಾನೆ. ನಾನು ಮೂರನೆಯವನಾದೆನಾ ಅಂತ ಕೇಳುತ್ತಾನೆ. ಎಲ್ಲರೂ ಅವನನ್ನು ಎತ್ತಿಕೊಂಡಿದ್ದಾರೆ, ಫೋಟೋ ತೆಗೆಯುತ್ತಿದ್ದಾರೆ, ಅವನ ಕಣ್ಣಲ್ಲಿ ನೀರು. ಶಾಲೆಯಲ್ಲಿ ತೋರಿಸಿದಾಗ ಅದೇ ಹುಡುಗಿ ಎದ್ದು ನಿಂತು ಕೇಳಿದಳು, 'ಸರ್, ಬೇಕಂತ ಮೂರನೇದ್ದು ಬರೂದು ಹ್ಯಾಂಗ್ರೀ? ಓಡುವಾಗ ಹಿಂದ ಎಷ್ಟು ಮಂದಿ ಅದಾರಂತ ಎಣಿಸಾಕ ಬರೂದಿಲ್ಲಲ್ಲ.' ಸಿನಿಮಾ ವಿಮರ್ಶೆ ಎಷ್ಟೋ ಓದಿದ್ದೇನೆ, ಇದನ್ನು ಯಾರೂ ಕೇಳಿರಲಿಲ್ಲ. ಓಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಕೊನೆ ಹೇಳಿಬಿಟ್ಟೆ ಅಂತ ಬೇಜಾರು ಬೇಡ. ಇನ್ನೂ ಒಂದು ಉಳಿದಿದೆ. ಮುಗಿಯುವ ಸ್ವಲ್ಪ ಮೊದಲು ಅಪ್ಪನ ಸೈಕಲ್ ಒಂದು ಕ್ಷಣ ಕಾಣುತ್ತದೆ. ಅದರ ಮೇಲೆ ಏನಿದೆ ನೋಡಿ. ಹಿಂದಿನವರು ಸ್ವಲ್ಪ ಮುಂದೆ ಬನ್ನಿ, ಲೈಟ್ ಆರಿಸ್ರಪ್ಪ.