ಸಹಿ ಯಾರದು?

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷ ಲೈಬ್ರರಿಯ ಕೌಂಟರಿನಲ್ಲಿ ಪುಸ್ತಕ ಕೊಟ್ಟು ತಗೊಂಡವಳು ನಾನು. ಒಂದು ಪುಸ್ತಕವನ್ನು ಜನ ಹೇಗೆ ಓದಿದ್ದಾರೆ ಅಂತ ತಿಳಿಯೋಕೆ ನನಗೆ ವಿಮರ್ಶೆ ಬೇಡ. ಮುಚ್ಚಿಟ್ಟ ಪುಸ್ತಕದ ಅಂಚು ನೋಡಿದರೆ ಸಾಕು. ಬೆರಳು ಜಾಸ್ತಿ ತಾಗಿದ ಕಡೆ ಹಾಳೆ ಕಪ್ಪಾಗಿರುತ್ತದೆ.

ಅಮೆರಿಕದ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ 2023ರ ಅಕ್ಟೋಬರ್‌ನಲ್ಲಿ ಆತ್ಮಕಥೆ ಹೊರತಂದಳು. ‘ದ ವುಮನ್ ಇನ್ ಮಿ’ ಅಂತ ಹೆಸರು. ಅಮೆರಿಕದಲ್ಲಿ ಮೊದಲ ವಾರವೇ, ಆಡಿಯೊ, ಇ-ಬುಕ್ ಎಲ್ಲ ಸೇರಿ, 11 ಲಕ್ಷ ಪ್ರತಿ ಖರ್ಚಾಯಿತು. ನಮ್ಮಲ್ಲಿಗೂ ಒಂದು ಬಂತು. ಆರು ತಿಂಗಳು ಬಿಟ್ಟು ಅಂಚು ನೋಡಿದೆ. ಒಂದೇ ಕಡೆ ಕಪ್ಪು. ಮುಂದಿನದೆಲ್ಲ ಬಿಳಿ.

ಆ ಕಪ್ಪು ಜಾಗದಲ್ಲಿರುವವನು ಗಾಯಕ ಜಸ್ಟಿನ್ ಟಿಂಬರ್‌ಲೇಕ್, ಆಕೆಯ ಹಳೆಯ ಪ್ರಿಯಕರ. ತಾನು ಬಸುರಾಗಿದ್ದು, ಅವನಿಗೆ ಮಗು ಬೇಡವಾಗಿದ್ದು, ಮನೆಯಲ್ಲೇ ಮಾತ್ರೆ ನುಂಗಿ ಗರ್ಭ ತೆಗೆಸಿಕೊಂಡಿದ್ದು, ಎಲ್ಲ ಬರೆದಿದ್ದಾಳೆ. ಓದಿದವರಿಗೆ ಅವನ ಮೇಲೆ ಕೆಂಡದಂಥ ಸಿಟ್ಟು. ಆಡಿಯೊ ಪುಸ್ತಕಕ್ಕೆ ದನಿ ಕೊಟ್ಟ ನಟಿ ಮಿಷೆಲ್ ವಿಲಿಯಮ್ಸ್ ಅವನ ಮಾತಿನ ಧಾಟಿ ಅಣಕಿಸಿದ ತುಣುಕು ಫೋನಿಂದ ಫೋನಿಗೆ ಓಡಾಡಿತು. 2024ರ ಜನವರಿಯಲ್ಲಿ ಅವನು ‘ಸೆಲ್ಫಿಶ್’ ಅಂತ ಹಾಡು ಬಿಟ್ಟ. ಅದೇ ಹೆಸರಿನ ಆಕೆಯ 2011ರ ಹಾಡನ್ನು ಅಭಿಮಾನಿಗಳು ಹಟಕ್ಕೆ ಬಿದ್ದು ಖರೀದಿಸಿ ಮಾರಾಟದ ಪಟ್ಟಿಯ ಮೇಲಕ್ಕೆ ಏರಿಸಿದರು. ನಾನೂ ನಕ್ಕೆ ಅನ್ನಿ. ಆದರೆ ಈ ಪುಸ್ತಕ ಇರುವುದು ಪ್ರಿಯಕರನ ಬಗ್ಗೆ ಅಲ್ಲ. ಸಹಿಯ ಬಗ್ಗೆ.

ಇದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ರಿಟೈರ್ಡ್ ಬ್ಯಾಂಕ್ ಕ್ಯಾಷಿಯರ್. ದಿನಾ ಹತ್ತು ಗಂಟೆಗೆ ಬಂದು ಪೇಪರ್ ಓದುವವರು. ಪಾಪ್ ಹಾಡು ಅಂದರೆ ಕಿವಿ ಮುಚ್ಚಿಕೊಳ್ಳುವವರು. ಮೊಮ್ಮಗಳು ಕೇಳಿದಳು ಅಂತ ಪುಸ್ತಕ ತಗೊಂಡು ಹೋದರು. ನಾಲ್ಕು ದಿನ ಬಿಟ್ಟು ಬಂದು, ಅದನ್ನು ಕೌಂಟರ್ ಮೇಲಿಟ್ಟು, ಕನ್ನಡಕ ತೆಗೆದರು.

“ಮೇಡಂ, ಈ ಹುಡುಗಿ ಅಕೌಂಟನ್ನ ಯಾರು ನೋಡ್ಕೋತಿದ್ರು?”

“ಅವರಪ್ಪ. ಅವಳಿಗೆ ತನ್ನ ವ್ಯವಹಾರ ನೋಡ್ಕೊಳ್ಳೋಕೆ ಆಗಲ್ಲ ಅಂತ ಕೋರ್ಟೇ ಒಪ್ಪಿಸಿತ್ತು.”

“ಎಷ್ಟು ವರ್ಷ?”

“ಹದಿಮೂರು ಅಂತಿಟ್ಕೊಳ್ಳಿ.”

ಸುಮ್ನೆ ನಿಂತರು. ಆಮೇಲೆ ಹೇಳಿದರು: “ನಮ್ಮ ಬ್ಯಾಂಕಿಗೆ ಹೆಬ್ಬೆಟ್ಟು ಒತ್ತೋ ಅಜ್ಜಿ ಬಂದ್ರೂ ಅವರ ದುಡ್ಡು ಅವರ ಕೈಗೇ ಎಣಿಸಿ ಕೊಡ್ತಿದ್ದೆ. ಮಗ ಪಕ್ಕದಲ್ಲಿ ನಿಂತು ಕೈ ಚಾಚಿದ್ರೂ ಕೊಡ್ತಿರಲಿಲ್ಲ. ಈ ಹುಡುಗಿ ಲಾಸ್ ವೇಗಸ್‌ನಲ್ಲಿ ನಾಲ್ಕು ವರ್ಷ ಕುಣಿದಿದ್ದಾಳೆ. ಕುಣಿಯೋಕೆ ಬುದ್ಧಿ ಇದೆ, ಚೆಕ್ಕಿಗೆ ಸಹಿ ಹಾಕೋಕೆ ಇಲ್ವಾ?”

ಜೇಬಿಂದ ಒಂದು ಚೀಟಿ ತೆಗೆದರು. ಹಾಲಿನ ಲೆಕ್ಕ ಬರೆದ ಚೀಟಿ. ಅದರ ಹಿಂದೆ ಪೆನ್ಸಿಲ್‌ನಲ್ಲಿ ಎರಡು ಸಾಲು. ಮಗಳ ಕೈಖರ್ಚು ವಾರಕ್ಕೆ 2,000 ಡಾಲರ್, ವರ್ಷಕ್ಕೆ 1,04,000. ಅವಳ ವ್ಯವಹಾರ ನೋಡಿಕೊಂಡಿದ್ದಕ್ಕೆ ಅಪ್ಪನ ಸಂಬಳ ತಿಂಗಳಿಗೆ 16,000, ವರ್ಷಕ್ಕೆ 1,92,000. ಅಪ್ಪನದನ್ನು ಮೊಮ್ಮಗಳು ಫೋನಿನಲ್ಲಿ ಹುಡುಕಿ ಕೊಟ್ಟಿದ್ದಳಂತೆ. ಕೆಳಗೆ ಎರಡು ಗೆರೆ ಎಳೆದಿದ್ದರು, ಲೆಡ್ಜರಿನಲ್ಲಿ ಎಳೆಯುತ್ತಾರಲ್ಲ, ಹಾಗೆ.

ಟಿಂಬರ್‌ಲೇಕ್ ಬಗ್ಗೆ ಒಂದು ಮಾತೂ ಆಡಲಿಲ್ಲ ನೋಡಿ!

ಅಯ್ಯೋ, ಇದನ್ನೇ ಹೇಳ್ತಾ ಸಮಯ ಹೋಯಿತು. ಆಕೆ ಹದಿನಾರಕ್ಕೇ ಹಾಡಿ ಹೆಸರು ಮಾಡಿದ್ದು, ತಾಯಿ, ತಂಗಿ, ಅದೆಲ್ಲ ಬಿಡುತ್ತೇನೆ. ಬರವಣಿಗೆ ತೆಳು ಅಂತ ಕೆಲವರ ದೂರು. ಇರಲಿ ಬಿಡಿ. ಆದರೆ ‘2007ರಲ್ಲಿ ತಲೆ ಬೋಳಿಸಿಕೊಂಡಳಲ್ಲ, ಹುಚ್ಚಲ್ವಾ?’ ಅಂತ ಕೇಳುವವರು ಇನ್ನೂ ಇದ್ದಾರೆ. ಅದಕ್ಕೆ ಉತ್ತರ ಪುಸ್ತಕದಲ್ಲೇ ಇದೆ, ಓದಬೇಕಷ್ಟೆ. ಚಿಕ್ಕಂದಿನಿಂದ ಎಲ್ಲರೂ ತನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದರು, ತಲೆ ಬೋಳಿಸಿದ್ದು ಅದಕ್ಕೆ ತಿರುಗಿಬಿದ್ದ ರೀತಿ ಅನ್ನುತ್ತಾಳೆ. 2008ರಲ್ಲಿ ಕೋರ್ಟ್ ಆಕೆಯನ್ನು ಅಪ್ಪನ ಸುಪರ್ದಿಗೆ ಕೊಟ್ಟ ಮೇಲೆ ಕೂದಲು ಮತ್ತೆ ಬೆಳೆಸಬೇಕಾಯಿತು. ಕೂದಲಿಗೂ ಸಹಿ ಬೇರೆಯವರದು!

2021ರ ಜೂನ್ 23ಕ್ಕೆ ಆಕೆ ಫೋನಿನಲ್ಲೇ ಕೋರ್ಟಿನ ಮುಂದೆ ಮಾತಾಡಿದಳು. ಇನ್ನೊಂದು ಮಗು ಬೇಕು, ಗರ್ಭ ನಿಲ್ಲದಂತೆ ಹಾಕಿರುವ ಸಾಧನ ತೆಗೆಸೋಕೂ ಬಿಡುತ್ತಿಲ್ಲ ಅಂದಳು. ಎಷ್ಟು ಬಡಬಡ ಹೇಳಿದಳು ಅಂದರೆ, ಬರೆದುಕೊಳ್ಳುವವರಿಗೆ ಸಿಗುತ್ತಿಲ್ಲ, ಸ್ವಲ್ಪ ನಿಧಾನ ಅಂತ ನ್ಯಾಯಾಧೀಶೆಯೇ ಕೇಳಬೇಕಾಯಿತು. ನವೆಂಬರ್ 12ಕ್ಕೆ ಆ ಸುಪರ್ದಿಯ ಏರ್ಪಾಡು ರದ್ದಾಯಿತು. ಆಮೇಲೆ ಈ ಪುಸ್ತಕದ ಒಪ್ಪಂದ. ಅದಕ್ಕೆ ಸಹಿ ಆಕೆಯದೇ.

ಸ್ಟುಡಿಯೋದವರು ಆಗಲೇ ಕೈ ತೋರಿಸುತ್ತಿದ್ದಾರೆ. ಕ್ಯಾಷಿಯರ್ ರಾಯರ ಆ ಚೀಟಿಯನ್ನು ನಾನು ಪುಸ್ತಕದಲ್ಲೇ ಬಿಟ್ಟಿದ್ದೇನೆ, ಬಿಳಿ ಅಂಚಿನ ಕಡೆ. ಅಲ್ಲಿಂದ ಓದಿ. ನಮಸ್ಕಾರ.