ಹಾಕಿದ ಹಳಿ ಕೀಳೋಕಾಗಲ್ಲ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಬಿಸಿಲಲ್ಲಿ, ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಬೋರ್ಡ್ ಗೇಮ್ ಬಗ್ಗೆ ಕೇಳೋಕೆ ಬಂದಿದ್ದೀರಿ. ನಿಮ್ಮನೆಯಲ್ಲಿ ಏನಂದರೋ, ನಮ್ಮನೆಯಲ್ಲಂತೂ "ಐವತ್ತು ದಾಟಿದರೂ ರೈಲಾಟ ಬಿಡಲಿಲ್ಲ" ಅಂದರು.

ಹೌದು, ರೈಲಾಟವೇ. ಚೌಕಾಬಾರದಲ್ಲಿ ಕಾಯಿ ಕಡಿದರೆ ಮನೆಗೆ ಹೋಗುತ್ತದೆ, ಮತ್ತೆ ಹೊಸದಾಗಿ ಶುರು. ಚೆಸ್ಸಲ್ಲಿ ಸತ್ತ ಆನೆ ಡಬ್ಬಿಗೆ. ಇಲ್ಲಿ ಹಾಗಲ್ಲ. ಒಮ್ಮೆ ಹಳಿ ಹಾಕಿದಿರೋ, ಆಟ ಮುಗಿಯೋವರೆಗೂ ಅದು ಅಲ್ಲೇ. ಮೊದಲ ಅರ್ಧ ಗಂಟೆಯಲ್ಲಿ ಮಾಡಿದ ದಡ್ಡತನ ಮೂರನೇ ಗಂಟೆಯಲ್ಲೂ ಕಣ್ಣೆದುರಿಗೇ ಬಿದ್ದಿರುತ್ತದೆ. ನನಗೆ ಹುಚ್ಚು ಹಿಡಿಸಿದ್ದೇ ಇದು.

ನಿಮ್ಮಲ್ಲಿ ಸುಮಾರು ಜನ 'ಟಿಕೆಟ್ ಟು ರೈಡ್' ಆಡಿದ್ದೀರಿ. 2004ರಲ್ಲಿ ಅಲನ್ ಮೂನ್ ಮಾಡಿದ್ದು. ತಲೆಗೆ 45 ಪುಟ್ಟ ಬೋಗಿ. ಒಂದು ಬೋಗಿಯ ದಾರಿಗೆ 1 ಅಂಕ, ಆರು ಬೋಗಿಯದಕ್ಕೆ 15. ಎಲ್ಲರ ಕಣ್ಣೂ ಉದ್ದದ ದಾರಿ ಮೇಲೆ, ಅಷ್ಟರಲ್ಲಿ ಯಾರೋ ಒಂದೇ ಬೋಗಿ ಇಟ್ಟು ನಿಮ್ಮ ದಾರಿ ಮುಚ್ಚುತ್ತಾರೆ. ಆದರೂ ಸಂಭಾವಿತ ಆಟ. ಮಕ್ಕಳ ಜೊತೆ ಆಡಬಹುದು.

'1830' ಹಾಗಲ್ಲ ನೋಡಿ. ಫ್ರಾನ್ಸಿಸ್ ಟ್ರೆಶಮ್ ಅನ್ನೋ ಇಂಗ್ಲಿಷಿನವನು 1974ರಲ್ಲಿ '1829' ಅಂತ ಒಂದು ಆಟ ತಂದ, 1986ರಲ್ಲಿ ಇದು ಬಂತು. ಇಲ್ಲಿ ನೀವು ರೈಲು ಕಂಪನಿ ಅಲ್ಲ, ಅದರ ಷೇರುದಾರ. ಒಂದು ಕಂಪನಿಯ ಷೇರು ಯಾರ ಕೈಯಲ್ಲಿ ಜಾಸ್ತಿಯೋ ಅವರೇ ಅದರ ಅಧ್ಯಕ್ಷರು, ಅದನ್ನು ನಡೆಸೋರೂ ಅವರೇ.

ಏಪ್ರಿಲ್ ತಿಂಗಳು, ನಮ್ಮನೆ ಪಡಸಾಲೆ. ಫ್ಯಾನ್ ನಿಲ್ಲಿಸಿದರೆ ಜೀವ ಹೋಗುತ್ತದೆ, ಹಾಕಿದರೆ ಆಟದ ನೋಟು ಹಾರುತ್ತವೆ. ನನ್ನ ದುಡ್ಡಿನ ಮೇಲೆ ಅಡಕೊತ್ತು, ಭಾವನ ದುಡ್ಡಿನ ಮೇಲೆ ಚಹಾದ ಲೋಟ. ಭಾವನದು ಎರಡು ಕಂಪನಿ. ಒಂದರ ಹತ್ತಿರ ಒಂದೇ ಒಂದು ಒಳ್ಳೆ ರೈಲು. ಅದನ್ನು ತನ್ನದೇ ಇನ್ನೊಂದು ಕಂಪನಿಗೆ ಮಾರಿದರು. ಎಷ್ಟಕ್ಕೆ? ಒಂದು ಡಾಲರಿಗೆ! ನಿಯಮದಲ್ಲೇ ಇದೆ ಸ್ವಾಮಿ. ಆಮೇಲೆ ಷೇರು ಕೊಳ್ಳೋ-ಮಾರೋ ಸುತ್ತು ಬಂತು. ರೈಲು ಕಳಕೊಂಡ ಆ ಕಂಪನಿಯಲ್ಲಿ ಅವರದು ನಾಲ್ಕು ಷೇರು, ನನ್ನದು ಮೂರು. ಲೋಟ ಎತ್ತಿ ಒಂದು ಗುಟುಕು ಕುಡಿದು, ಎರಡು ಷೇರು ಮಾರಿ, "ಇನ್ನು ಅಧ್ಯಕ್ಷ ನೀನೇ ಆಗಪ್ಪ" ಅಂದರು.

ನನಗೆ ಖುಷಿಯಾಯಿತು! ಊರಲ್ಲಿ ಯಾವ ಸಂಘಕ್ಕೂ ಅಧ್ಯಕ್ಷ ಆಗದವನು ನಾನು. ಖಜಾನೆ ತೆಗೆದು ನೋಡಿದರೆ ಬರಿದು. ರೈಲಿಲ್ಲದ ಕಂಪನಿ ರೈಲು ಕೊಳ್ಳಲೇಬೇಕು, ಕಂಪನಿಯಲ್ಲಿ ದುಡ್ಡಿಲ್ಲದಿದ್ದರೆ ಅಧ್ಯಕ್ಷರ ಜೇಬಿಂದ. ಇದ್ದ ಬೇರೆ ಷೇರೆಲ್ಲ ಮಾರಿ ಕಟ್ಟಿದೆ. ಅಡಕೊತ್ತಿನ ಕೆಳಗೆ ಏನೂ ಉಳಿಯಲಿಲ್ಲ. ಆ ಕಂಪನಿಯ ಹಳಿ ಹಾಕಿದ್ದೆಲ್ಲ ಭಾವ. ಅವರ ಅಂಕುಡೊಂಕು ದಾರಿಯಲ್ಲಿ ನಾನು ರೈಲು ಓಡಿಸಬೇಕು, ಕೀಳೋ ಹಾಗಿಲ್ಲ. ಹೇಳಿದೆನಲ್ಲ, ಹಳಿ ಕೀಳೋಕಾಗಲ್ಲ.

ಇದನ್ನು ರಾಯಚೂರಲ್ಲೇ ಯಾಕೆ ಹೇಳಬೇಕು ಅಂದರೆ, ನಮ್ಮ ಸ್ಟೇಷನ್ನೇ ಇಂಥ ಆಟದ ಒಂದು ಚೌಕ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ ಕೃಷ್ಣೆ ದಾಟಿ ಬಂತು, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ ತುಂಗಭದ್ರೆ ದಾಟಿ ಬಂತು. 1871ರಲ್ಲಿ ಎರಡೂ ಕೂಡಿದ್ದು ಇಲ್ಲೇ. ಆಟದಲ್ಲಿ ನದಿಗೆ ಹಳಿ ಹಾಕಿದರೆ ಜಾಸ್ತಿ ದುಡ್ಡು ಬೀಳುತ್ತದೆ. ಕೈಯಿಂದ ಆ ದುಡ್ಡು ಬಿಟ್ಟ ಮೇಲೆ ಕೃಷ್ಣಾ ಸೇತುವೆ ಮೇಲೆ ಹೋಗುವಾಗ ಸುಮ್ನೆ ಕೂರೋಕಾಗಲ್ಲ, ಕಿಟಕಿಗೆ ಮುಖ ಒತ್ತಿ ಕಂಬ ಎಣಿಸುತ್ತೇನೆ.

ಚೀಟಿ ಬಂತು. ಐದು ನಿಮಿಷ ಅಂತೆ. ಬೋರ್ಡಿನ ಮೇಲೆ ಮೇಣದ ಬಣ್ಣದಲ್ಲಿ ಗೀಚಿ ಆಡುವ ರೈಲಾಟಗಳ ಬಗ್ಗೆ ಹೇಳಬೇಕಿತ್ತು, ಬಿಡಿ. ಟ್ರೆಶಮ್ 1989ರಲ್ಲಿ ಭಾರತದ ಮೇಲೇ ಒಂದು ಆಟ ಮಾಡಿದ, ಹೆಸರು '1853'. ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೋದ ವರ್ಷ. ಅದರಲ್ಲಿ ಅಗಲ ಹಳಿಯ ಬ್ರಾಡ್‌ಗೇಜೂ ಇದೆ, ಕಿರಿದಾದ ಹಳಿಯ ಮೀಟರ್‌ಗೇಜೂ ಇದೆ, ಒಂದರ ರೈಲು ಇನ್ನೊಂದರ ಮೇಲೆ ಓಡಲ್ಲ. ಹೊಸಪೇಟೆ ಕಡೆಯ ಹಿರಿಯರು ನಗುತ್ತಿದ್ದಾರೆ, ಆ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹಿಂದಿನ ಮೇಜಿನ ಮೇಲೆ '1830' ಬಿಚ್ಚಿಟ್ಟಿದ್ದೇನೆ. ನಾಲ್ಕು ಜನ ಬನ್ನಿ. ನೋಟಿನ ಮೇಲಿಡೋಕೆ ಏನಾದರೂ ತನ್ನಿ, ಈ ಹಾಲಿನ ಫ್ಯಾನ್ ನಮ್ಮನೆಯದಕ್ಕಿಂತ ಜೋರಿದೆ. ಭಾವನೂ ಬಂದಿದ್ದಾರೆ. ಅವರು ಅಧ್ಯಕ್ಷಗಿರಿ ಕೊಡ್ತೀನಿ ಅಂದರೆ ಮೊದಲು ಖಜಾನೆ ನೋಡಿ.